ಮೂವತ್ತೆಂಟನೇ ಪದರದ ಬಿಳಿ ಚೂರು

ಗುರುವಾರ ಮಧ್ಯಾಹ್ನ ಇಲಾರಿಯಾ ಆ ಬಿಳಿ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನಾನು ಮೇಜಿನ ಈಚೆ ಕೂತು ಹೂಜಿಯ ಹಿಡಿಕೆಯೊಂದರ ಮೇಲೆ ನಂಬರು ಬರೆಯುತ್ತಿದ್ದೆ. ಅವಳು ಏನೂ ಮಾತಾಡಲಿಲ್ಲ. ಐದು ನಿಮಿಷಕ್ಕೊಮ್ಮೆ ಏನಾದರೂ ಗೊಣಗದೆ ಇರಲಾರದ ಹುಡುಗಿ ಅವಳು. ಸುಮ್ಮನಾದಳೆಂದರೆ ಏನೋ ಸಿಕ್ಕಿದೆ ಎಂದೇ ಅರ್ಥ. ನಾನು ತಲೆ ಎತ್ತಿದೆ.

"ನಾತಿನಾ, ಇದು ಮೂವತ್ತೆಂಟರದ್ದೇ ತಾನೆ?"

"ನಂಬರು ನೋಡಿ, ದೊತ್ತೊರೇ." ಓದಿದವರನ್ನು ನಾವು ಹಾಗೇ ಕರೆಯುವುದು.

ಅವಳು ಚೂರನ್ನು ಮಗುಚಿದಳು. ಹಿಂಬದಿಯ ಬರಿಮಣ್ಣಿನ ಮೇಲೆ, ಇರುವೆ ಸಾಲಿನಷ್ಟು ಸಣ್ಣಗೆ, ನನ್ನದೇ ಅಕ್ಷರದಲ್ಲಿ 38 ಎಂದಿತ್ತು.

"ಹಾಗಾದ್ರೆ ನೀವು ನಿಮ್ಮನೆಗೆ ವಾಪಸ್ ಹೋಗ್ತೀರಿ," ಅಂದಳು. "ನೀವಷ್ಟೇ ಅಲ್ಲ, ಓಣಿಯವರೆಲ್ಲ."

ನನ್ನ ಪೂರ್ತಿ ಹೆಸರು ಫೊರ್ತುನಾತಾ. ಹಾಗೆ ಕರೆಯುವವರು ಯಾರೂ ಉಳಿದಿಲ್ಲ, ಎಲ್ಲರಿಗೂ ನಾನು ನಾತಿನಾ. ಸಮುದ್ರದಂಚಿನ ನಮ್ಮೂರು ಪೊಜ್ಜುವೊಲಿಯ ಪುರಾತತ್ವ ಉಗ್ರಾಣದಲ್ಲಿ ಮೂವತ್ತೊಂದು ವರ್ಷದಿಂದ ಮಡಕೆ ಚೂರು ತೊಳೆದು, ಒಣಗಿಸಿ, ನಂಬರು ಬರೆಯುತ್ತಿದ್ದೇನೆ. ನಮ್ಮೂರಲ್ಲಿ ಯಾರು ಎಲ್ಲಿ ಗುದ್ದಲಿ ಹಾಕಿದರೂ ರೋಮನ್ನರ ಮಡಕೆ ಬರುತ್ತದೆ. ಚರಂಡಿ ತೋಡಿದರೆ ಬರುತ್ತದೆ, ನಿಂಬೆಗಿಡ ನೆಟ್ಟರೂ ಬರುತ್ತದೆ. ಅಗೆಯುವವರು ಅದನ್ನು ಪದರಪದರವಾಗಿ ಚೀಲಕ್ಕೆ ತುಂಬಿ ಕಳಿಸುತ್ತಾರೆ. ನಾನು ಪ್ರತಿ ಚೂರಿನ ಮೇಲೂ ತೆಳ್ಳಗೆ ಮೆರುಗೆಣ್ಣೆ ಹಚ್ಚಿ, ಅದು ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ಪದರದ ನಂಬರು ಬರೆದು, ಮೇಲೆ ಇನ್ನೊಂದು ಸಲ ಮೆರುಗೆಣ್ಣೆ ಎಳೆಯುತ್ತೇನೆ. ಒಮ್ಮೆ ನಂಬರು ಬಿದ್ದರೆ ಆ ಚೂರು ಎಲ್ಲಿಯದು ಎಂದು ಮತ್ತೆ ಯಾರೂ ಕೇಳುವುದಿಲ್ಲ. ಈ ಉಗ್ರಾಣದಲ್ಲಿ ನನಗಿರುವ ಮರ್ಯಾದೆಯೆಲ್ಲ ಅಷ್ಟೇ, ಅದು ಕಡಿಮೆಯೆಂದು ನನಗೆ ಯಾವತ್ತೂ ಅನಿಸಿಲ್ಲ.

ಮನೆಯ ವಿಷಯ ಹೇಳಬೇಕು. ನಮ್ಮೂರಿನ ನೆಲ ಏರುತ್ತದೆ, ಇಳಿಯುತ್ತದೆ, ಮನಸ್ಸು ಬಂದಾಗ ನಡುಗುತ್ತದೆ. ಆ ಗುರುವಾರಕ್ಕೆ ಒಂದೂವರೆ ವರ್ಷ ಮುಂಚೆ ಹಾಗೆ ನಡುಗಿದಾಗ ಬಲೆಗಾರರ ಓಣಿಯ ನಮ್ಮ ಕಟ್ಟಡ ಬುಡದಿಂದ ಬಿರುಕು ಬಿಟ್ಟಿತು. ಬೇಕಾದ್ದು ತೆಗೆದುಕೊಳ್ಳಲು ಅಗ್ನಿಶಾಮಕದವರು ಪ್ರತಿ ಮನೆಗೆ ಹತ್ತು ನಿಮಿಷ ಕೊಟ್ಟರು. ಜನ ಕಾಗದಪತ್ರ, ಚಿನ್ನ, ಬೆಕ್ಕು ಹಿಡಿದುಕೊಂಡು ಓಡಿದರು. ನನ್ನ ಅತ್ತೆ ದೊನ್ನಾ ರಕೇಲೆ ತನ್ನ ಅಮ್ಮ ಕೊಟ್ಟಿದ್ದ ಆರು ತಟ್ಟೆಗಳ ಪೆಟ್ಟಿಗೆ ಹೊತ್ತುಕೊಂಡು ಬಂದಳು. ಅಂದಿನಿಂದ ಹದಿನಾಲ್ಕು ಸಂಸಾರಗಳು ಊರಾಚೆಯ ಬೀಚಿನ ಹೋಟೆಲೊಂದರಲ್ಲಿ, ಒಲೆ ಹಚ್ಚಬಾರದು ಎಂದು ಗೋಡೆಗೆ ಚೀಟಿ ಅಂಟಿಸಿದ ಕೋಣೆಗಳಲ್ಲಿ ಬಿದ್ದಿದ್ದೆವು. ಗಂಡ ಹೋಗಿ ಐದು ವರ್ಷವಾಗಿತ್ತು. ನಮ್ಮ ಕೋಣೆಯಲ್ಲಿ ಇದ್ದದ್ದು ನಾನು, ಅತ್ತೆ ಮತ್ತು ಆ ಪೆಟ್ಟಿಗೆ.

ಕಟ್ಟಡದ ಬುಡಕ್ಕೆ ಕಾಂಕ್ರೀಟ್ ಕಂಬ ಇಳಿಸಿದರೆ ನಾವು ವಾಪಸ್ ಹೋಗಬಹುದು ಎಂದಿದ್ದರು. ಮೊದಲ ಕಂಬಕ್ಕೆ ಅಗೆದಾಗ ಒಂದು ಗೋಡೆ ಎದ್ದಿತು. ಅದು ರೋಮನ್ನರು ಕಟ್ಟಿದ ಗೋಡೆಯಾದರೆ ಅದರ ಮೈಯನ್ನು ಯಾರೂ ಮುಟ್ಟುವಂತಿಲ್ಲ. ಹೊಸ ನಕ್ಷೆ, ಹೊಸ ಪರವಾನಗಿ, ಎಷ್ಟು ವರ್ಷವೋ ದೇವರೇ ಬಲ್ಲ. ಆಮೇಲೆ ಬಂದವರು ಹಳೇ ಕಲ್ಲು ಜೋಡಿಸಿ ಕಟ್ಟಿದ್ದಾದರೆ ಫೋಟೊ ತೆಗೆದು, ಅಳತೆ ಬರೆದು, ಸೋಮವಾರವೇ ಕೊರೆಯುವ ಯಂತ್ರ ಇಳಿಸಬಹುದು. ಯಾವುದೆಂದು ಹೇಳಬೇಕಾದದ್ದು ಗೋಡೆ ಕಟ್ಟುವಾಗ ಅದರ ಪಕ್ಕಕ್ಕೆ ತುಂಬಿದ ಮಣ್ಣು. ಅದೇ ಮೂವತ್ತೆಂಟನೇ ಪದರ.

ನಮ್ಮ ಕೆಲಸದ ಕಟ್ಟಳೆ ಒಂದೇ. ಪದರದಲ್ಲಿ ನಾನೂರು ಚೂರು ಎರಡು ಸಾವಿರ ವರ್ಷ ಹಳೆಯವಿದ್ದರೂ ಒಂದು ಚೂರು ನಿನ್ನೆಯದಿದ್ದರೆ ಆ ಪದರ ನಿನ್ನೆಯದು. ಹಿರಿಯರು ಎಷ್ಟೇ ಜನ ಕೂತಿರಲಿ, ಎಲ್ಲರಿಗಿಂತ ಕಿರಿಯನ ಮಾತೇ ನಡೆಯುತ್ತದೆ.

ಇಲಾರಿಯಾ ಚೂರು ನೋಡಿ ಕಾಲ ಹೇಳುವ ಪುರಾತತ್ವಜ್ಞೆ. ಉತ್ತರದವಳು, ತುರಿನ್‌ನಿಂದ ಬಂದು ನಾಲ್ಕು ವರ್ಷವಾಗಿತ್ತು. ವಯಸ್ಸಿಗೆ ಮೀರಿದ ಕಣ್ಣು. ಬುಧವಾರದಿಂದ ಮೂವತ್ತೆಂಟರ ಚೂರುಗಳನ್ನು ಮೇಜಿನ ಮೇಲೆ ಗುಡ್ಡೆಗುಡ್ಡೆಯಾಗಿ ವಿಂಗಡಿಸುತ್ತಿದ್ದಳು. ಊಟದ ಮನೆಯ ಕೆಂಪು ಹೊಳಪಿನವು ಒಂದು ಕಡೆ, ತಳ ಕರಿಹಿಡಿದ ಅಡುಗೆ ಮಡಕೆಗಳು ಒಂದು ಕಡೆ, ಎಣ್ಣೆ ವೈನು ತುಂಬುತ್ತಿದ್ದ ದಪ್ಪ ಹೂಜಿಗಳು ಇನ್ನೊಂದು ಕಡೆ. ಅನುಮಾನ ಬಂದದ್ದನ್ನು ನಾಲಿಗೆಗೆ ಮುಟ್ಟಿಸುತ್ತಾಳೆ. ಸರಿಯಾಗಿ ಬೇಯದ ಮಣ್ಣು ನಾಲಿಗೆಗೆ ಅಂಟುತ್ತದೆ. ನಮ್ಮೂರ ಮಣ್ಣಾದರೆ ಮುರಿದ ಅಂಚಿನಲ್ಲಿ ಕರಿ ಮರಳು ಮಿನುಗುತ್ತದೆ, ಆಫ್ರಿಕದಿಂದ ಹಡಗಿನಲ್ಲಿ ಬಂದದ್ದಾದರೆ ಇಟ್ಟಿಗೆಯ ಬಣ್ಣ. ಪ್ರತಿ ಗುಡ್ಡೆಗೂ ಎಷ್ಟು ಚೂರು, ಎಷ್ಟು ಗ್ರಾಂ, ಬಾಯಿಯ ಅಂಚು ಎಷ್ಟು, ತಳ ಎಷ್ಟು, ಹಿಡಿಕೆ ಎಷ್ಟು ಎಂದು ಹಾಳೆಯಲ್ಲಿ ತುಂಬುತ್ತಾಳೆ. ನಾನೂರ ಹನ್ನೊಂದು ಚೂರು ಆಗಿದ್ದವು. ಎಲ್ಲವೂ ರೋಮನ್ನರವೇ. ಓಣಿಯವರ ಮುಖ ನೆನೆದು ಅವಳೂ ಒಳಗೊಳಗೇ ಕುಗ್ಗುತ್ತಿದ್ದಳು ಎಂದು ನನಗೆ ಗೊತ್ತಿತ್ತು. ನಾನೂರ ಹನ್ನೆರಡನೆಯದು ಈ ಬಿಳಿ ಚೂರು.

ಹೆಬ್ಬೆರಳ ಉಗುರಿನಷ್ಟಿತ್ತು. ಮುಂಬದಿಯಲ್ಲಿ ಹಾಲಿನ ಬಣ್ಣದ ಗಾಜುಲೇಪ, ಅದರ ಮೇಲೆ ಅಂಚಿಗುಂಟ ನೀಲಿ ಗೆರೆ. ಇಂಥ ಬಿಳಿ ಲೇಪ ರೋಮನ್ನರಿಗೆ ಗೊತ್ತೇ ಇರಲಿಲ್ಲ.

"ಸಾವಿರದ ಆರುನೂರು, ಇಲ್ಲಾ ಏಳುನೂರು," ಅಂದಳು ಇಲಾರಿಯಾ. "ಅಂಚೆಲ್ಲ ಹೊಸದಾಗಿ ಮುರಿದಿದೆ, ಅಗೆಯೋರ ಗುದ್ದಲಿ ತಗಲಿರ್ಬೇಕು." ಫೋಟೊ ತೆಗೆದು ಇಂಥ ಪಾತ್ರೆ ಬಲ್ಲ ಗೆಳತಿಯೊಬ್ಬಳಿಗೆ ಕಳಿಸಿದಳು. ಅವಳಿಂದಲೂ ಹಾಗೇ ಕಾಣುತ್ತದೆ ಎಂದು ಉತ್ತರ ಬಂತು. ಇಲಾರಿಯಾ ಮೇಜು ಬಳಸಿ ಬಂದು ನನ್ನ ತಲೆಗೂದಲಿಗೆ ಮುತ್ತು ಕೊಟ್ಟಳು. "ನಾಳೆ ಹನ್ನೆರಡಕ್ಕೆ ಎಂಜಿನಿಯರ್ ಬರ್ತಾರೆ. ಹಾಳೆಗೆ ಸಹಿ ಬಿದ್ರೆ ಸೋಮವಾರ ಕೆಲಸ ಶುರು."

ನಾನು ಕುಣಿಯಬೇಕಿತ್ತು. ಕುಣಿಯಲಿಲ್ಲ. ಆ ನೀಲಿ ಗೆರೆಯನ್ನು ನಾನು ವರ್ಷಾನುಗಟ್ಟಲೆ ನೋಡಿದ್ದೆ, ಅದರ ಪಕ್ಕದಲ್ಲಿ ಪಾಸ್ತಾ ತಿಂದಿದ್ದೆ.

ಮಂಗಳವಾರ ನಡೆದದ್ದು ಹೀಗೆ. ಹೋಟೆಲಿನ ಚೀಟಿಗೆ ಅತ್ತೆ ಮೂರು ಕಾಸಿನ ಬೆಲೆ ಕೊಡುತ್ತಿರಲಿಲ್ಲ. ಬಚ್ಚಲಲ್ಲಿ ಸಣ್ಣ ಗ್ಯಾಸ್ ಒಲೆ ಇಟ್ಟು, ನಲ್ಲಿ ಬಿಟ್ಟು ಸದ್ದು ಮುಚ್ಚಿ ಅಡುಗೆ ಮಾಡುತ್ತಿದ್ದಳು. ಅಂದು ಬೀನ್ಸ್ ಹಾಕಿದ ಪಾಸ್ತಾ ಬಟ್ಟಲಿಗೆ ತುಂಬಿ, ಮೇಲೆ ತನ್ನ ಆರು ತಟ್ಟೆಗಳಲ್ಲಿ ಒಂದನ್ನು ಕವುಚಿ, ಬಟ್ಟೆ ಗಂಟು ಹಾಕಿ ಕೊಟ್ಟಿದ್ದಳು. "ಪ್ಲಾಸ್ಟಿಕ್ಕಲ್ಲಿ ತಿಂದ್ರೆ ಮನುಷ್ಯರ ಹಾಗೆ ತಿಂದ ಹಾಗಾಗಲ್ಲ ಕಣೇ. ತಟ್ಟೆ ಮಾತ್ರ ಜೋಪಾನ." ಮಧ್ಯಾಹ್ನ ಮೇಜಿನ ಅಂಚಿನಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದಾಗ ನೆಲ ನಡುಗಿತು. ಎಲ್ಲರೂ ಅಂಗಳಕ್ಕೆ ಓಡಿದೆವು. ಮೊದಲು ಒಳಗೆ ಬಂದದ್ದು ನಾನು, ಒಣಗಲು ಹಾಕಿದ ಟ್ರೇಗಳು ನನ್ನ ಜವಾಬ್ದಾರಿ.

ನಡುಕ ಜಾಸ್ತಿಯಾದ ಮೇಲೆ ನಾವು ಟ್ರೇಗಳನ್ನು ಕಪಾಟಿನಲ್ಲಿ ಇಡುವುದಿಲ್ಲ, ಬೀಳದಿರಲಿ ಎಂದು ನೆಲದ ಮೇಲೇ ಹರಡುತ್ತೇವೆ. ಆ ಜಾಣತನವೇ ಕುತ್ತಾಯಿತು. ಒಂದು ಟ್ರೇಯೂ ಕದಲಿರಲಿಲ್ಲ. ತಟ್ಟೆ ಮಾತ್ರ ಮೇಜಿನಿಂದ ಜಾರಿ ಬಿದ್ದು, ಸಿಡಿದ ಚೂರುಗಳು ಮೂವತ್ತೆಂಟರ ಟ್ರೇಯೊಳಗೂ ಹೋಗಿದ್ದವು. ಕೆಂಪು ಚೂರುಗಳ ನಡುವೆ ಬಿಳಿಯದನ್ನು ಆರಿಸುವುದೇನು ಕಷ್ಟ ಎಂದುಕೊಂಡು ಬೇಗ ಬೇಗ ಎಲ್ಲ ಆರಿಸಿದೆ. ಆ ತಟ್ಟೆಯ ಹಿಂಬದಿಗೆ ಲೇಪವಿಲ್ಲ, ಬರೀ ಮಣ್ಣಿನ ಬಣ್ಣ. ಒಂದು ಚೂರು ಕವುಚಿ ಬಿದ್ದಿದ್ದರೆ ಅದು ಮಿಕ್ಕವುಗಳ ಹಾಗೇ ಕಾಣುತ್ತದೆ. ಮರುದಿನ ನಂಬರು ಬರೆಯುವಾಗ ಕೈ ತನ್ನಷ್ಟಕ್ಕೆ ಓಡುತ್ತಿತ್ತು, ನನ್ನ ತಲೆಯೋ ಅತ್ತೆಗೆ ಏನು ಹೇಳಲಿ ಎಂದು ಓಡುತ್ತಿತ್ತು. ಮಗುಚದೆ ಬರೆದಿರಬಹುದು. ಬರೆದಿರಬಹುದು, ಅಷ್ಟೇ. ಈ ಕರಾವಳಿಯ ಅರ್ಧ ಮನೆಗಳಲ್ಲಿ ಹಿಂದೆ ನೀಲಿ ಗೆರೆಯ ಬಿಳಿ ತಟ್ಟೆಗಳಿದ್ದವು, ಇನ್ನೂರು ಮುನ್ನೂರು ವರ್ಷದ ಹಿಂದೆಯೂ ಇದ್ದವು.

ತಟ್ಟೆಯ ಚೂರುಗಳನ್ನು ನಾನು ಎಸೆದಿರಲಿಲ್ಲ. ಚೂರಿನ ಕೆಲಸದವರಿಗೆ ಚೂರು ಎಸೆಯಲು ಕೈ ಬರುವುದಿಲ್ಲ. ಪತ್ರಿಕೆಯಲ್ಲಿ ಸುತ್ತಿ, ತೊಳೆಯುವ ತೊಟ್ಟಿಯ ಕೆಳಗೆ ಬ್ರಷ್ಷುಗಳ ಹಿಂದೆ ಸಿಕ್ಕಿಸಿದ್ದೆ. ಬಿಚ್ಚಿ ಜೋಡಿಸಿ ನೋಡಿದರೆ ಗೊತ್ತಾಗುತ್ತಿತ್ತು. ಗುರುವಾರ ಸಂಜೆ ಇಲಾರಿಯಾ ಬೇಗ ಹೊರಟಳು, ಉಗ್ರಾಣದಲ್ಲಿ ನಾನೊಬ್ಬಳೇ ಅರ್ಧ ಗಂಟೆ ಇದ್ದೆ. ತೊಟ್ಟಿಯ ಮುಂದೆ ನಿಂತೆ, ಬಗ್ಗಲಿಲ್ಲ. ಗೊತ್ತಿಲ್ಲದ್ದನ್ನು ಹೇಳದಿದ್ದರೆ ಅದು ಸುಳ್ಳಾಗುವುದಿಲ್ಲ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡು ಬಸ್ ಹತ್ತಿದೆ.

ಹೋಟೆಲಿನ ಪಡಸಾಲೆಯಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ನಮ್ಮ ಕೆಳಮನೆಯ ಕ್ಷೌರಿಕ ಪ್ರೊಕೊಲೊ ಕುರ್ಚಿಯ ಮೇಲೆ ಹತ್ತಿ ನಿಂತು ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದ.

"ಬಂದ್ಲು ನೋಡ್ರಪ್ಪ, ನಮ್ಮ ಬೋಕಿ ಮಹಾರಾಣಿ. ನಾತಿನಾ, ನಿನ್ನ ಕೈಗೆ ಚಿನ್ನದ ಬಳೆ ಹಾಕಿಸ್ತೀನಿ ಕಣಮ್ಮ."

"ಮೊದ್ಲು ನನ್ನ ಮದುವೆಗೆ ಕೊಡ್ತೀನಿ ಅಂದಿದ್ದ ಕನ್ನಡಿ ಕೊಡು," ಅಂದೆ. ಎಲ್ಲರೂ ನಕ್ಕರು. ನಗದೆ ಇದ್ದರೆ ಅನುಮಾನ ಬರುತ್ತಿತ್ತು.

ಮೇಲೆ ಕೋಣೆಯಲ್ಲಿ ಅತ್ತೆ ಮಂಚದ ಮೇಲೆ ಪೆಟ್ಟಿಗೆ ತೆರೆದುಕೊಂಡು ಕೂತಿದ್ದಳು. ಎಂಬತ್ತಮೂರು ವಯಸ್ಸು. ನಲವತ್ತು ವರ್ಷ ಮೀನು ಮಾರುಕಟ್ಟೆಯಲ್ಲಿ ಕೂಗಿ ಕೂಗಿ ಗಂಟಲು ಒರಟಾಗಿದೆ. ಮನೆಯ ಬೀಗದ ಕೈ ಒಂದೂವರೆ ವರ್ಷದಿಂದ ದಾರಕ್ಕೆ ಪೋಣಿಸಿಕೊಂಡು ಕೊರಳಲ್ಲೇ ಇತ್ತು, ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ಐದು ತಟ್ಟೆಗಳನ್ನು ಒಂದೊಂದಾಗಿ ಒರೆಸಿ ಕಾಗದದಲ್ಲಿ ಸುತ್ತುತ್ತಿದ್ದಳು.

"ತಟ್ಟೆ ತಂದ್ಯಾ?"

"ಮರೆತೆ ಅತ್ತೆ."

"ಮೂರು ದಿನದಿಂದ ಮರೀತಿದೀಯ. ಎರಡು ಸಾವಿರ ವರ್ಷದ ಬೋಕಿ ಎಲ್ಲ ನೆನಪಿರುತ್ತೆ, ಮನೆ ತಟ್ಟೆ ನೆನಪಿರಲ್ಲ." ಮತ್ತೊಂದು ತಟ್ಟೆ ಸುತ್ತಿದಳು. "ನಾಳೆ ನಾನೇ ಬರ್ತೀನಿ ಎಲ್ಲರ ಜೊತೆ. ಆರೂ ಒಟ್ಟಿಗೇ ಮನೆಗೆ ಹೋಗ್ಬೇಕು. ಒಂದು ಹಿಂದೆ ಉಳೀಬಾರದು."

ನನಗೆ ಅಲ್ಲೇ ಎಲ್ಲ ಹೇಳಿಬಿಡೋಣ ಎನಿಸಿತು. ಬಾಯಿ ತೆರೆದೆ, ತೆರೆದ ಬಾಯಿಗೆ ಒಂದು ತುಂಡು ರೊಟ್ಟಿ ಹಾಕಿಕೊಂಡು ಸುಮ್ಮನಾದೆ. ನಾನು ಹೇಡಿ ಎಂದು ಅಂದುಕೊಳ್ಳುವವರು ಒಮ್ಮೆ ಬಂದು ದೊನ್ನಾ ರಕೇಲೆಗೆ ಸೊಸೆಯಾಗಿ ನೋಡಲಿ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಇಲಾರಿಯಾ ಫೋನ್ ಹಿಡಿದು ಅಂಗಳಕ್ಕೆ ಹೋದಳು. ಆಗ ತಡೆಯಲಾಗಲಿಲ್ಲ. ತೊಟ್ಟಿಯ ಕೆಳಗಿನಿಂದ ಪೊಟ್ಟಣ ಎಳೆದು, ಒಡೆದ ಪಾತ್ರೆ ಜೋಡಿಸಲು ಇಟ್ಟಿರುವ ಮರಳಿನ ಪೆಟ್ಟಿಗೆಯ ಮುಂದೆ ಕೂತೆ. ಇದನ್ನು ನಾನು ಕಣ್ಣು ಮುಚ್ಚಿ ಮಾಡಬಲ್ಲೆ. ತಳದ ದೊಡ್ಡ ತುಂಡನ್ನು ಮೊದಲು ಮರಳಿಗೆ ಒತ್ತಿದೆ, ಅದಕ್ಕೆ ಪಕ್ಕದ್ದು, ಅದಕ್ಕೆ ಇನ್ನೊಂದು. ಹದಿನೇಳು ತುಂಡು. ಹತ್ತು ನಿಮಿಷದಲ್ಲಿ ತಟ್ಟೆ ಎದ್ದು ನಿಂತಿತು. ಅಂಚಿನಲ್ಲಿ ಒಂದು ಕಡೆ ಮಾತ್ರ ಬಾಯಿ ಬಿಟ್ಟುಕೊಂಡಿತ್ತು, ಹೆಬ್ಬೆರಳ ಉಗುರಿನಷ್ಟು.

ಬಿಳಿ ಚೂರು ಇಲಾರಿಯಾಳ ಮೇಜಿನ ಮೇಲೆ ಸಣ್ಣ ಚೀಲದಲ್ಲಿತ್ತು. ಹೋಗಿ ತಂದೆ. ಕೂಡದಿರಲಿ ಎಂದು ಬೇಡಿಕೊಂಡೆ, ಊರ ದೇವರು ಸಂತ ಪ್ರೊಕೊಲೊನ ಹೆಸರನ್ನೂ ಹೇಳಿದೆ. ಚೂರನ್ನು ಆ ಸಂದಿಗೆ ಇಳಿಸಿದಾಗ ಸಣ್ಣಗೆ ಟಿಕ್ ಎಂದಿತು.

ಜೋಡಣೆ ಸರಿಯಿದೆಯೋ ಎಂದು ನೋಡಲು ನಾವು ಮುರುಕಿನ ಮೇಲೆ ಉಗುರು ಎಳೆಯುತ್ತೇವೆ. ಸುಳ್ಳು ಜೋಡಣೆಯಾದರೆ ಉಗುರು ತಡೆಯುತ್ತದೆ. ನಾನು ಮೂರು ಸಲ ಎಳೆದೆ, ಉಗುರು ತಡೆಯಲಿಲ್ಲ. ನೀಲಿ ಗೆರೆ ಈ ಕಡೆಯಿಂದ ಆ ಕಡೆಗೆ ಎಲ್ಲೂ ಮುರಿಯದೆ ಹರಿಯಿತು.

ಈಗ ಗೊತ್ತಾಯಿತು. ಇನ್ನು ವಕೀಲಿಕೆ ನಡೆಯುವುದಿಲ್ಲ. ಆದರೂ ನನ್ನ ಕೈ ಚೂರನ್ನು ಹೊರಗೆ ತೆಗೆಯಿತು, ಮರಳಿನ ಪೆಟ್ಟಿಗೆಯ ಮೇಲೆ ಒರೆಸುವ ಬಟ್ಟೆ ಎಳೆಯಿತು. ಯಾರಿಗೂ ಗೊತ್ತಿಲ್ಲ. ಹದಿನಾಲ್ಕು ಸಂಸಾರ. ಮುದುಕಿಗೆ ಎಂಬತ್ತಮೂರು, ಇನ್ನು ಎಷ್ಟು ವರ್ಷ ಬಚ್ಚಲಲ್ಲಿ ಅಡುಗೆ ಮಾಡಬೇಕು. ಒಂದು ಹಾಳು ಗೋಡೆ ನೆಲದಡಿ ಇದ್ದರೇನು, ಅದರ ನಡುವೆ ಕಂಬ ಇಳಿದರೇನು. ಎರಡು ಸಾವಿರ ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಇಷ್ಟು ಯೋಚಿಸುವಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಎಂಜಿನಿಯರ್ ಇಪ್ಪತ್ತು ನಿಮಿಷ ಮುಂಚೆ ಬಂದಿದ್ದ.

ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ಓಣಿಯವರೆಲ್ಲ ನೆರೆದಿದ್ದರು. ಪ್ರೊಕೊಲೊ ಬೇಕರಿಯಿಂದ ಸಿಹಿತಿಂಡಿಯ ಪೊಟ್ಟಣ ತಂದು ಎರಡು ಕೈಯಲ್ಲಿ ಹಿಡಿದಿದ್ದ. ಅತ್ತೆಗೆ ಯಾರೋ ಕುರ್ಚಿ ಹಾಕಿದ್ದರು. ಬೀಗದ ಕೈಯನ್ನು ಅವತ್ತು ಅವಳು ರವಿಕೆಯ ಹೊರಗೆ ಬಿಟ್ಟುಕೊಂಡಿದ್ದಳು.

"ಚೂರು ಎಲ್ಲಿ, ನಾತಿನಾ?" ಇಲಾರಿಯಾ ಕೇಳಿದಳು.

ನನ್ನ ಮುಷ್ಟಿಯಲ್ಲಿತ್ತು. ಕೊಟ್ಟೆ. ಬೆವರಿಗೆ ಒದ್ದೆಯಾಗಿತ್ತು. ಎಂಜಿನಿಯರ್ ಅದನ್ನು ಅಂಗೈಯಲ್ಲಿ ಎರಡು ಸಲ ಮಗುಚಿ, "ಇಷ್ಟೇನಾ?" ಅಂದ. "ಇಷ್ಟೇ ಸಾಕು," ಅಂದಳು ಇಲಾರಿಯಾ. ಹಾಳೆಯ ಕೊನೆಯ ಸಾಲು ಅವಳು ಆಗಲೇ ತುಂಬಿದ್ದಳು. ಪದರ 38, ಬಿಳಿ ಲೇಪದ ತಟ್ಟೆ, ಒಂದು ಚೂರು, ಎರಡು ಗ್ರಾಂ, ಹದಿನೇಳನೇ ಶತಮಾನ ಅಥವಾ ಅನಂತರ. ಕೆಳಗೆ ತನ್ನ ಸಹಿ ಹಾಕಿದಳು. ಹಾಳೆಯನ್ನು ನನ್ನ ಕಡೆ ಸರಿಸಿದಳು.

ಎಂಜಿನಿಯರ್‌ನ ಸಹಿಗಿಂತ ಮುಂಚೆ ಅಲ್ಲಿ ಒಂದು ಸಣ್ಣ ಚೌಕವಿರುತ್ತದೆ, ನಂಬರು ಬರೆದವರು ಎಂದು. ಇಷ್ಟು ವರ್ಷಗಳಲ್ಲಿ ಎಷ್ಟು ಸಾವಿರ ಸಲ ಅದರಲ್ಲಿ ನನ್ನ ಹೆಸರಿನ ಎರಡಕ್ಷರ ಹಾಕಿದ್ದೇನೋ. ಹಾಕುವಾಗ ಓದುವುದೂ ಇಲ್ಲ. ಅವತ್ತು ಪೆನ್ನು ಚೌಕದ ಮೇಲೆ ಹೋಗಿ ನಿಂತಿತು.

"ಶಾಯಿ ಮುಗಿದಿದೆಯಾ?" ಎಂಜಿನಿಯರ್ ತನ್ನ ಪೆನ್ನು ಚಾಚಿದ.

"ಶಾಯಿ ಇದೆ," ಅಂದೆ.

ಹೊರಗೆ ಪ್ರೊಕೊಲೊ ಏನೋ ಹೇಳಿದ, ಜನ ನಕ್ಕರು. ಅತ್ತೆಯ ಒರಟು ನಗು ಎಲ್ಲಕ್ಕಿಂತ ಮೇಲೆ ಕೇಳಿತು. ಪೆನ್ನು ಕೆಳಗಿಟ್ಟು ಮರಳಿನ ಪೆಟ್ಟಿಗೆ ಎತ್ತಿಕೊಂಡು ಬಂದು ಹಾಳೆಯ ಮೇಲೇ ಇಟ್ಟೆ. ಬಟ್ಟೆ ತೆಗೆದೆ. ಎಂಜಿನಿಯರ್‌ನ ಅಂಗೈಯಿಂದ ಚೂರು ತೆಗೆದುಕೊಂಡು ಅದರ ಜಾಗಕ್ಕೆ ಇಳಿಸಿದೆ. ಟಿಕ್.

ಇಲಾರಿಯಾ ತಟ್ಟೆಯನ್ನೇ ನೋಡಿದಳು. ಆಮೇಲೆ ಉಗುರು ಎಳೆದು ನೋಡಿದಳು. ಒಂದು ಸಲ ಎಳೆದದ್ದು ಸಾಲದೆ ಇನ್ನೊಂದು ಸಲ.

"ಇದು ಯಾವ ತಟ್ಟೆ?"

"ನಮ್ಮ ಅತ್ತೇದು. ಮಂಗಳವಾರ ನಡುಗಿದಾಗ ಬಿತ್ತು. ಒಂದು ಚೂರು ಟ್ರೇಲಿ ಉಳಿದಿದೆ. ನಾನು ಮಗುಚದೆ ನಂಬರು ಹಾಕಿದೀನಿ."

"ಯಾವಾಗ ಗೊತ್ತಾಯ್ತು?"

"ಅನುಮಾನ ನಿನ್ನೇನೇ ಬಂತು. ಗೊತ್ತಾಗಿದ್ದು ಈಗ, ಅರ್ಧ ಗಂಟೆ ಆಯ್ತು."

"ನಿನ್ನೆ." ಅವಳ ಮುಖ ಕೆಂಪಾಯಿತು. "ನಾನು ನಿಮ್ಮ ನಂಬರು ನೋಡಿ ಕಣ್ಣು ಮುಚ್ಕೊಂಡು ಬರೆದೆ, ನಾತಿನಾ. ಬೇರೆ ಯಾರು ಬರೆದಿದ್ರೂ ಹತ್ತು ಸಲ ಕೇಳ್ತಿದ್ದೆ. ಜನ ಹೊರಗೆ ಬೀಗದ ಕೈ ಹಿಡ್ಕೊಂಡು ನಿಂತಿದಾರೆ. ನಿನ್ನೆ ಹೇಳಿದ್ದಿದ್ರೆ ಅವರಿಗೆ ಈ ಒಂದು ದಿನದ ಆಸೇನಾದ್ರೂ ಇರ್ತಿರಲಿಲ್ಲ."

ಎಂಜಿನಿಯರ್ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ. ಇಲಾರಿಯಾ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಕೊನೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದಳು. ನಾನೂರ ಹನ್ನೆರಡು ಹೊಡೆದು ನಾನೂರ ಹನ್ನೊಂದು ಎಂದು ತಿದ್ದಿದಳು. ಆಗ ನಾನು ಆ ಚೌಕದಲ್ಲಿ ನನ್ನ ಎರಡಕ್ಷರ ಹಾಕಿದೆ.

ಅಂಗಳಕ್ಕೆ ಹೋಗಿ ಹೇಳುವ ಕೆಲಸ ತನ್ನದು ಎಂದು ಇಲಾರಿಯಾ ಎದ್ದಳು. ನಾನು ಬಿಡಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ನಿಂತು ಹೇಳಿದೆ. ಗೋಡೆ ರೋಮನ್ನರದ್ದು, ಬಿಳಿ ಚೂರು ನಮ್ಮ ಅಡುಗೆಮನೆಯದು, ತಪ್ಪು ನನ್ನದು. ಎಷ್ಟು ಚಿಕ್ಕದಾಗಿ ಹೇಳಬಹುದೋ ಅಷ್ಟು ಚಿಕ್ಕದಾಗಿ. ಮೊದಲು ಮಾತಾಡಿದವನು ಪ್ರೊಕೊಲೊ.

"ಅಂದ್ರೆ ನೀನು ಬಾಯಿ ಮುಚ್ಕೊಂಡಿದ್ರೆ ನಾವು ಮನೇಲಿರ್ತಿದ್ವಿ."

"ಹೌದು."

"ಒಂದು ತಟ್ಟೆ ಒಡೆದಿದ್ದನ್ನ ಅತ್ತೆಗೆ ಹೇಳೋಕೆ ನಿನಗೆ ಧೈರ್ಯ ಇರಲಿಲ್ಲ. ಸರ್ಕಾರಕ್ಕೆ ಹೇಳೋಕೆ ಮಾತ್ರ ಧೈರ್ಯ ಬಂತು." ಅವನ ಹೆಂಡತಿ ಆ ಹೋಟೆಲಿನಲ್ಲೇ ಕಾಯಿಲೆ ಬಿದ್ದಿದ್ದಳು, ನನಗೆ ಅದು ಗೊತ್ತಿತ್ತು. "ಆ ಉಗುರಷ್ಟು ಬೋಕಿ ನಿನ್ನ ಜೇಬಲ್ಲಿ ಹಿಡೀತಿರಲಿಲ್ವಾ?"

ಯಾರೋ ಹಿಂದಿನಿಂದ ನನ್ನ ಸತ್ತ ಗಂಡನ ಹೆಸರು ಎತ್ತಿದರು, ಅವನಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ನಾನು ಅವರ್ಯಾರನ್ನೂ ನೋಡುತ್ತಿರಲಿಲ್ಲ. ಅತ್ತೆ ಕುರ್ಚಿಯಿಂದ ಏಳುತ್ತಿದ್ದಳು.

"ಎಲ್ಲಿ ತಟ್ಟೆ?"

ಇಲಾರಿಯಾ ಒಳಗಿನಿಂದ ಮರಳಿನ ಪೆಟ್ಟಿಗೆ ತಂದು ಅವಳ ಮುಂದೆ ಹಿಡಿದಳು. ಅತ್ತೆ ಬಗ್ಗಿ ನೋಡಿದಳು. ಬೆರಳು ಹಾಕಿ ಆ ಚಿಕ್ಕ ಚೂರನ್ನು ಮರಳಿನಿಂದ ಕಿತ್ತು, ಮೀನಿನ ಕಿವಿರು ಎತ್ತಿ ನೋಡುವವಳ ಹಾಗೆ ಕಣ್ಣಿನ ಹತ್ತಿರಕ್ಕೆ ಹಿಡಿದು, ನೀಲಿ ಗೆರೆಯ ಮೇಲೆ ಹೆಬ್ಬೆರಳು ಉಜ್ಜಿದಳು.

"ಇಲ್ಲಿ ಗೆರೆ ದಪ್ಪ ಆಗಿದೆ," ಅಂದಳು ಇಲಾರಿಯಾಗೆ. "ಬಣ್ಣ ಹಾಕ್ದೋನು ಕೈ ಎತ್ತಿ ಮತ್ತೆ ಇಟ್ಟಿದಾನೆ. ಆರರಲ್ಲಿ ಇದೊಂದರಲ್ಲೇ ಹೀಗಿರೋದು. ಚಿಕ್ಕೋಳಿದ್ದಾಗ ಇದೇ ತಟ್ಟೆ ಬೇಕು ಅಂತ ನಾನು ಹಟ ಮಾಡ್ತಿದ್ದೆ." ಆಮೇಲೆ ಪ್ರೊಕೊಲೊನ ಕಡೆ ತಿರುಗಿದಳು. ಮಾರುಕಟ್ಟೆಯ ದನಿಯಲ್ಲಲ್ಲ, ಸಾಮಾನ್ಯ ದನಿಯಲ್ಲಿ ಹೇಳಿದಳು. "ಇದು ನನ್ನ ತಟ್ಟೆ ಕಣೋ. ನನಗೂ ಮನೆ ಬೇಕು, ನಿನಗಿಂತ ಜಾಸ್ತಿ ಬೇಕು, ನನಗೆ ಟೈಮ್ ಕಡಿಮೆ. ಆದ್ರೆ ನನ್ನಮ್ಮನ ತಟ್ಟೆ ಯಾರೋ ಸತ್ತೋರದ್ದು ಅಂತ ಬರೆಸಿ ಆ ಮನೆ ಬಾಗಿಲು ತೆಗೆಯೋಕೆ ನನ್ನ ಕೈಲಾಗಲ್ಲ. ಇವಳಲ್ಲ, ನಾನೇ ಹೇಳ್ತಿದೀನಿ. ಬೈಯೋದಿದ್ರೆ ನನ್ನ ಬೈ."

ದೊನ್ನಾ ರಕೇಲೆಯನ್ನು ಬೈಯುವ ಗಂಡಸು ಬಲೆಗಾರರ ಓಣಿಯಲ್ಲಿ ಹುಟ್ಟಿಲ್ಲ. ಪ್ರೊಕೊಲೊ ಕೈಯಲ್ಲಿದ್ದ ತಿಂಡಿಯ ಪೊಟ್ಟಣ ನೋಡಿಕೊಂಡ, ಅದನ್ನು ಎಲ್ಲಿಡುವುದೆಂದು ತಿಳಿಯದವನ ಹಾಗೆ. ಅತ್ತೆ ಚೂರನ್ನು ಮುಷ್ಟಿಯಲ್ಲಿ ಹಿಡಿದು, ಬೀಗದ ಕೈಯನ್ನು ಮತ್ತೆ ರವಿಕೆಯೊಳಗೆ ಇಳಿಬಿಟ್ಟು, ನನ್ನ ಪಕ್ಕದಲ್ಲೇ ದಾಟಿ ಬಸ್‌ಸ್ಟಾಪಿನ ಕಡೆ ಹೋದಳು. ನನ್ನ ಮುಖ ನೋಡಲಿಲ್ಲ. ಅಂದಿನಿಂದ ಒಂಬತ್ತು ದಿನ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಒಂದೇ ಕೋಣೆಯಲ್ಲಿ ಒಂಬತ್ತು ದಿನ. ಬಚ್ಚಲಲ್ಲಿ ಅಡುಗೆ ಮಾಡಿ, ನನ್ನ ಪಾಲನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಇಡುತ್ತಿದ್ದಳು.

ಹತ್ತನೇ ದಿನ ಚೂರನ್ನು ನನ್ನ ದಿಂಬಿನ ಮೇಲೆ ಇಟ್ಟು, "ಅಂಟಿಸ್ಕೊಂಡು ಬಾ," ಅಂದಳು. ಅಂಟಿಸಿ ತಂದೆ. ಹಿಂಬದಿಯ ನಂಬರನ್ನು ದ್ರಾವಣ ಹಚ್ಚಿ ಅಳಿಸಲೇ ಎಂದು ಕೇಳಿದೆ. ಬೇಡ, ಇರಲಿ ಅಂದಳು.

ಇದಾಗಿ ಎರಡು ವರ್ಷವಾಯಿತು. ಮನೆಗೆ ಇನ್ನೂ ಹೋಗಿಲ್ಲ. ಗೋಡೆಗೆ ಹೊದಿಕೆ ಹಾಕಿದ್ದಾರೆ, ಮೂರನೇ ನಕ್ಷೆ ನಡೆಯುತ್ತಿದೆ. ಹಾಳಾದ್ದು ಒಂದು ಬಿರುಕೂ ಇಲ್ಲದೆ ನೆಟ್ಟಗೆ ನಿಂತಿದೆ, ನೋಡಿದಾಗಲೆಲ್ಲ ಒದೆಯಬೇಕೆನಿಸುತ್ತದೆ. ಈಗ ನಮಗೆ ಗುಡ್ಡದ ಮೇಲೆ ಎರಡು ಕೋಣೆಯ ಬಾಡಿಗೆ ಮನೆಯಿದೆ, ಸರಿಯಾದ ಒಲೆಯೂ ಇದೆ. ಪ್ರೊಕೊಲೊ ನನ್ನ ಜೊತೆ ಮಾತಾಡುವುದಿಲ್ಲ. ಅತ್ತೆಯ ಕೂದಲು ಕತ್ತರಿಸಲು ಮಾತ್ರ ತಿಂಗಳಿಗೊಮ್ಮೆ ಬರುತ್ತಾನೆ.

ಭಾನುವಾರ ಅತ್ತೆ ಪೆಟ್ಟಿಗೆಯಿಂದ ಎರಡು ತಟ್ಟೆ ತೆಗೆಯುತ್ತಾಳೆ. ಒಂದು ತನಗೆ, ಅಂಟಿಸಿದ್ದು ನನಗೆ. ಬೇರೆ ನಾಲ್ಕು ಗಟ್ಟಿ ತಟ್ಟೆಗಳಿದ್ದರೂ ಅದನ್ನೇ ನನ್ನ ಮುಂದೆ ಇಟ್ಟು ಪಾಸ್ತಾ ಬಡಿಸಿ, ಪ್ರತಿ ವಾರವೂ ಅದೇ ಮಾತು ಹೇಳುತ್ತಾಳೆ.

"ಜೋಪಾನ ಕಣೇ. ನಂಬರು ಬಿದ್ದಿರೋ ತಟ್ಟೆ."

ಉಂಡ ಮೇಲೆ ತೊಳೆಯುವವಳು ನಾನೇ. ತೊಳೆದು ಕವುಚಿ ಹಾಕುವಾಗ ಅಂಚಿನ ಹತ್ತಿರ ನನ್ನ ಅಕ್ಷರದ 38 ಕಾಣುತ್ತದೆ, ಅದರ ಮೇಲೆ ಒಮ್ಮೆ ಉಗುರು ಎಳೆದು ನೋಡಿ ಒರೆಸಿ ಪೆಟ್ಟಿಗೆಗೆ ಇಡುತ್ತೇನೆ.